ಸ್ಪೆಲಿಂಗ್ ಗೊತ್ತಿಲ್ಲದ ದೇವರನಾಮ ಹುಡುಕುವುದು ಹೇಗೆ? ನನ್ನ ಅನುಭವ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಅಮ್ಮ ಹಾಡಿದ ದೇವರನಾಮಗಳ ಹಳೇ ಕ್ಯಾಸೆಟ್ ಇದೆ, ಮಾತು ಅರ್ಧಂಬರ್ಧ ಕೇಳಿಸುತ್ತದೆ, ಕೇಳಿಸಿದಷ್ಟನ್ನು ಹಾಡಿನ ಸಾಹಿತ್ಯ ಇರುವ ತಾಣಗಳಲ್ಲಿ ಹಾಕಿದರೆ ಏನೂ ಸಿಗುತ್ತಿಲ್ಲ ಅಂದಿದ್ದೀರಿ. ಸ್ಪೆಲಿಂಗ್ ಸ್ವಲ್ಪ ಆಚೀಚೆ ಆದರೂ ಹುಡುಕಿಕೊಡುವ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಮ್ಮ ಅಜ್ಜಿಯ ಹಾಡುಗಳಿಗಾಗಿ ನಾನೂ ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ.

ಮೊದಲನೆಯದಾಗಿ, ಸರಿಯಾದ ಸ್ಪೆಲಿಂಗ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ತಾಣಕ್ಕೆ ಆ ಹಾಡು ಹಾಕಿದವರೂ ಎಷ್ಟೋ ಸಲ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ. ಪುರಂದರದಾಸರ ‘ಜಗದೋದ್ಧಾರನ’ವನ್ನೇ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದೇ ‘ಡಿ’ ಹಾಕಿ ‘ಎಚ್’ ಸೇರಿಸುತ್ತಾರೆ, ಇನ್ನೊಬ್ಬರು ಎರಡು ‘ಡಿ’ ಹಾಕುತ್ತಾರೆ, ಮತ್ತೊಬ್ಬರು ‘ಎ’ಯನ್ನು ಎರಡು ಸಲ ಬರೆಯುತ್ತಾರೆ. ಚೆನ್ನೈ ಕಡೆ ಕರ್ನಾಟಕ ಸಂಗೀತ ಕಲಿತವರು ‘ತ’ಕ್ಕೆ ‘ಟಿ’ ಜೊತೆ ‘ಎಚ್’ ಬರೆಯುವುದು ರೂಢಿ. ಬರೇ ‘ಟಿ’ ಅವರಿಗೆ ‘ಟ’. ಹಾಗಾಗಿ ಅದನ್ನು ಬರೆದವರು ಯಾರಿರಬಹುದು, ಅವರು ಹೇಗೆ ಬರೆದಿರಬಹುದು ಅಂತ ಯೋಚಿಸಿ.

ಕೆಲವು ತಾಣಗಳಲ್ಲಿ ‘ಉಚ್ಚಾರಣೆ ಹೋಲುವ ಪದ’ ಅನ್ನುವ ಥರದ ಹುಡುಕಾಟ ಇರುತ್ತದೆ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಸೌಂಡೆಕ್ಸ್ ಅಥವಾ ಅದರ ಸಂಬಂಧಿ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದ ಹಳೇ ಲೆಕ್ಕಾಚಾರ ಅದು, ಜನರ ಹೆಸರು ಹುಡುಕುವುದಕ್ಕೆ ಮಾಡಿದ್ದು. ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಸ್ವರಗಳನ್ನೂ ‘ಎಚ್’, ‘ಡಬ್ಲ್ಯೂ’, ‘ವೈ’ಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಗುಂಪಿನ ಪ್ರಕಾರ ಅಂಕಿ ಕೊಡುತ್ತದೆ. ಒಟ್ಟು ಮೂರು ಅಂಕಿ ಅಷ್ಟೇ. ಮೊದಲ ಅಕ್ಷರವೂ ಅಂಕಿಗಳೂ ಒಂದೇ ಆದ ಪದಗಳನ್ನು ಒಂದೇ ಅಂತ ತೆಗೆದುಕೊಳ್ಳುತ್ತದೆ. ನಮ್ಮ ಹಾಡುಗಳಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಜಗದೋದ್ಧಾರನದ ಆ ಮೂರೂ ಸ್ಪೆಲಿಂಗ್‌ಗಳೂ ‘ಜೆ 233’ ಆಗುತ್ತವೆ. ಲಕ್ಷ್ಮಿಯನ್ನು ‘ಕೆ ಎಸ್ ಎಚ್’ ಹಾಕಿ ಬರೆಯಿರಿ, ‘ಎಕ್ಸ್’ ಹಾಕಿ ಬರೆಯಿರಿ, ಅಜ್ಜಿಯರ ಬಾಯಲ್ಲಿ ಬರುವ ಹಾಗೆ ‘ಲಕುಮಿ’ ಅಂತಲೇ ಬರೆಯಿರಿ, ಮೂರಕ್ಕೂ ‘ಎಲ್ 250’. ನನಗೆ ಇದು ಗೊತ್ತಾದ ದಿನ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಕೂತು ಅಜ್ಜಿಯ ಪಟ್ಟಿಯಲ್ಲಿದ್ದ ಮಾತುಗಳನ್ನೆಲ್ಲ ಹಾಕಿ ನೋಡಿದೆ.

ಆದರೆ ಮೊದಲ ಅಕ್ಷರ ತಪ್ಪಿದರೆ ಕೆಲಸ ಕೆಟ್ಟಿತು. ನನಗೆ ಆಗಿದ್ದೂ ಅದೇ. ಅಜ್ಜಿಯ ಧ್ವನಿಯಲ್ಲಿ ನನಗೆ ಕೇಳಿಸಿದ್ದು ‘ಬಿಲ್ಲಂಗೋವಿಯ’. ಬಿಲ್ಲು ಇರಬೇಕು, ರಾಮನ ಹಾಡು ಇರಬೇಕು ಅಂದುಕೊಂಡೆ. ಒಂದು ವಾರ ರಾಮನ ಹಾಡುಗಳನ್ನೇ ತಡಕಿದೆ. ಹಾಡು ಇದ್ದದ್ದು ‘ಪಿಳ್ಳಂಗೋವಿಯ ಚೆಲುವ ಕೃಷ್ಣನ’. ಪಿಳ್ಳಂಗೋವಿ ಅಂದರೆ ಕೊಳಲು. ಆ ಮಾತು ನನಗೆ ಗೊತ್ತೇ ಇರಲಿಲ್ಲ, ಹಾಗಾಗಿ ಕಿವಿ ತನಗೆ ಗೊತ್ತಿದ್ದ ಮಾತನ್ನು ಜೋಡಿಸಿಕೊಂಡಿತ್ತು. ಮುಂದಿನ ಅಂಕಿ ಎಲ್ಲ 452, ಆದರೆ ಒಂದು ‘ಬಿ’, ಇನ್ನೊಂದು ‘ಪಿ’. ಹೀಗಾಗಿ ಪ-ಬ, ವ-ಬ, ಕ-ಗ, ಎ-ಯೆ, ಹ-ಅ ಇವುಗಳಲ್ಲಿ ಒಂದರಿಂದ ಶುರುವಾಗುವ ಪದವಾದರೆ ಎರಡನ್ನೂ ಹಾಕಿ ನೋಡಿ. ಇನ್ನೂ ಒಳ್ಳೆಯದು ಅಂದರೆ, ಅನುಮಾನ ಇರುವ ಮಾತನ್ನು ಪೂರ್ತಿ ಬಿಟ್ಟುಬಿಡಿ. ನನಗೆ ಕೊನೆಗೆ ಹಾಡು ಸಿಕ್ಕಿದ್ದು ‘ಎಲ್ಲಿ ನೋಡಿದಿರಿ’ ಅನ್ನುವ ಎರಡು ಸಾದಾ ಮಾತುಗಳಿಂದ. ಅವನ್ನು ತಪ್ಪಾಗಿ ಕೇಳಿಸಿಕೊಳ್ಳುವುದೂ ಕಷ್ಟ, ತಪ್ಪಾಗಿ ಬರೆಯುವುದೂ ಕಷ್ಟ, ಅಲ್ವಾ?

ಕನ್ನಡ ಲಿಪಿಯಲ್ಲಿರುವ ತಾಣಗಳ ಕಷ್ಟ ಬೇರೆ. ಹಳೇ ಪುಸ್ತಕಗಳ ಪಠ್ಯ ಇರುವ ವಿಕಿಸೋರ್ಸ್‌ನಂಥ ಕಡೆ ಪದದ ಕೊನೆಗೆ ಟಿಲ್ಡೆ, ಅಂದರೆ ಅಲೆಯ ಹಾಗಿರುವ ಚಿಹ್ನೆ ಹಾಕಿದರೆ ಎರಡು ಅಕ್ಷರದ ವ್ಯತ್ಯಾಸದವರೆಗೆ ಹುಡುಕುತ್ತದೆ. ಇಲ್ಲಿ ಅಕ್ಷರ ಅಂದರೆ ನಾವು ಓದುವ ಅಕ್ಷರ ಅಲ್ಲ. ಗುಣಿತದ ಚಿಹ್ನೆಗೆ ಬೇರೆ ಲೆಕ್ಕ, ಒತ್ತಿಗೆ ಬೇರೆ ಲೆಕ್ಕ. ‘ಜಗದೋದ್ಧಾರನ’ ಬದಲು ‘ಜಗದೊದ್ದಾರನ’ ಅಂತ ಬರೆದರೆ ಸರಿಯಾಗಿ ಎರಡು ವ್ಯತ್ಯಾಸ: ದೀರ್ಘ ಹೋಯಿತು, ಮಹಾಪ್ರಾಣ ಹೋಯಿತು. ಅದರ ಜೊತೆಗೆ ಕೊನೆಯ ‘ನ’ವನ್ನು ‘ಣ’ ಮಾಡಿದರೆ ಮೂರಾಯಿತು, ಆಗ ಸಿಗುವುದಿಲ್ಲ. ಹಾಗಾಗಿ ಉದ್ದದ ಪದಕ್ಕಿಂತ ನಡುವಿನ ಗಾತ್ರದ, ಒತ್ತಕ್ಷರ ಕಮ್ಮಿ ಇರುವ ಪದ ಹಾಕುವುದು ವಾಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹಳೇ ಬರಹಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಟೈಪ್ ಮಾಡಿರುತ್ತಾರೆ. ‘ಅಂಬಿಗ’ ಮತ್ತು ‘ಅ೦ಬಿಗ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಕಂಪ್ಯೂಟರಿಗೆ ಬೇರೆ ಬೇರೆ. ಸಿಗಲೇಬೇಕಾದ ಹಾಡು ಸಿಗದಿದ್ದರೆ ಅನುಸ್ವಾರವೇ ಇಲ್ಲದ ಪದ ಹಾಕಿ. ‘ಸೂರ್ಯ’ದಂಥ ಪದಗಳನ್ನೂ ಬಿಡಿ. ಅಲ್ಲಿ ಅರ್ಕಾವತ್ತು ಹಾಕಿ ಬರೆದಿರಬಹುದು, ‘ರ’ದ ಕೆಳಗೆ ಯ-ಒತ್ತು ಕೊಟ್ಟೂ ಬರೆದಿರಬಹುದು.

ದೇವರನಾಮಕ್ಕೆ ಇರುವ ಒಂದು ಅನುಕೂಲ ಅಂಕಿತ, ಅಂದರೆ ಹಾಡು ಕಟ್ಟಿದವರು ಕೊನೆಯಲ್ಲಿ ಸೇರಿಸುವ ಗುರುತಿನ ಹೆಸರು. ಕ್ಯಾಸೆಟ್‌ನಲ್ಲಿ ಪಲ್ಲವಿ ಸವೆದುಹೋಗಿದ್ದರೂ ಕೊನೆಯ ಸಾಲು ಕೇಳಿಸಿದರೆ ಸಾಕು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಕನಕದಾಸರದ್ದಾದರೆ ಕಾಗಿನೆಲೆಯಾದಿಕೇಶವ. ‘ವಿಠಲ’ವನ್ನೂ ವಿಠ್ಠಲ, ವಿಟ್ಠಲ, ವಿಟ್ಟಲ ಅಂತೆಲ್ಲ ಬರೆಯುತ್ತಾರೆ. ತಾಣದಲ್ಲಿ ನಕ್ಷತ್ರ ಚಿಹ್ನೆಗೆ (*, ಆ ಜಾಗದಲ್ಲಿ ಯಾವ ಅಕ್ಷರ ಇದ್ದರೂ ಸರಿ ಅಂತ ಅರ್ಥ) ಅವಕಾಶ ಇದ್ದರೆ ‘ವಿ’ ಬರೆದು ನಕ್ಷತ್ರ, ‘ಲ’ ಬರೆದು ಇನ್ನೊಂದು ನಕ್ಷತ್ರ ಹಾಕಿ. ಅದರ ಜೊತೆ ಚರಣದ ಒಂದು ಅಪರೂಪದ ಮಾತು ಸೇರಿಸಿ. ಬರೇ ಅಂಕಿತ ಹಾಕಿದರೆ ಪುರಂದರದಾಸರದ್ದೇ ನೂರಾರು ಬರುತ್ತವೆ.

ಗೂಗಲ್‌ನಲ್ಲಿ ಹುಡುಕುವಾಗ ಉದ್ಧರಣ ಚಿಹ್ನೆ ಹಾಕಬೇಡಿ. ಹಾಕಿದರೆ ಹಾಗೇ ಇರುವುದನ್ನು ಮಾತ್ರ ಹುಡುಕುತ್ತದೆ. ಫೋನಿಗೆ ಹಾಡು ಕೇಳಿಸಿದರೆ ಅದೇ ಗುರುತಿಸುತ್ತದೆ ಅಂತ ನನಗೂ ಒಬ್ಬರು ಹೇಳಿದ್ದರು. ಬಿಡುಗಡೆಯಾದ ರೆಕಾರ್ಡ್‌ಗಳಿಗೆ ಅದು ಸರಿ. ಮನೆಯಲ್ಲಿ ಹಾಡಿದ ಹಾಡಿಗೆ, ಅದೂ ಮನೆಮನೆಗೆ ಬೇರೆ ಧಾಟಿ ಇರುವ ದೇವರನಾಮಕ್ಕೆ, ನನಗಂತೂ ಒಂದು ಸಲವೂ ಕೆಲಸ ಮಾಡಲಿಲ್ಲ.

ಹಾಡು ಸಿಕ್ಕ ಮೇಲೆ ಒಂದು ಮಾತು ನೆನಪಿಡಿ ಅಕ್ಕ. ತಾಣದಲ್ಲಿರುವುದೇ ಸರಿ, ಅಮ್ಮ ಹಾಡಿದ್ದು ತಪ್ಪು ಅಂತ ತಿದ್ದಲು ಹೋಗಬೇಡಿ. ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು, ಪಾಠಾಂತರ ಜಾಸ್ತಿ. ನಮ್ಮ ಅಜ್ಜಿ ಒಂದು ಹಾಡಿನಲ್ಲಿ ಮೂರನೇ ಚರಣವನ್ನು ಮೊದಲು ಹಾಡುತ್ತಿದ್ದರು, ಎರಡು ಮಾತು ಯಾವ ತಾಣದಲ್ಲೂ ಇರಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅಜ್ಜಿಯದು, ಬಲಕ್ಕೆ ಸಿಕ್ಕಿದ್ದು ಬರೆದಿಟ್ಟಿದ್ದೇನೆ. ಮಗಳಿಗೆ ಕಲಿಸುತ್ತಿರುವುದು ಎಡಗಡೆಯದು.

ಎರಡನೇ ಹಾಡು ಒಂದಕ್ಷರವೂ ತಿಳಿಯುತ್ತಿಲ್ಲ ಅಂದಿದ್ದೀರಲ್ಲ, ಅದರ ಕೊನೆಯ ಎರಡು ಸಾಲು ಕೇಳಿಸಿದ ಹಾಗೇ ಬರೆದು ಕಳಿಸಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ಸರಿ ಮಾಡಲು ಹೋಗಬೇಡಿ. ಇವತ್ತು ರಾತ್ರಿ ನಾನೂ ಕೂತು ಹುಡುಕುತ್ತೇನೆ.