ಕೆರೆಯ ಕೊರಮೀನು ಬಿಟ್ಟು ಹೊನ್ನಾವರದ ಅಳಿವೆಗೆ: ಲ್ಯೂರ್ ಗಾಳದವರಲ್ಲಿ ಕೆಲವು ಪ್ರಶ್ನೆಗಳು

ಶಿಂಷಾತೀರ, ಕುಣಿಗಲ್

ಎಲ್ಲರಿಗೂ ನಮಸ್ಕಾರ. ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನಲ್ಲಿಯೂ ಸುತ್ತಮುತ್ತಲ ಕೆರೆಗಳಲ್ಲಿಯೂ, ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದು, ರಬ್ಬರ್ ಕಪ್ಪೆಯಂತಹ ಲ್ಯೂರಿನಿಂದ (ಕೃತಕ ಎರೆಯಿಂದ) ಕೊರಮೀನು ಹಿಡಿಯುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಜೊಂಡಿನ ಅಂಚು, ತಾವರೆ ಎಲೆಗಳ ನಡುವಿನ ಕಿಂಡಿ, ಕೋಡಿಯ ಕೆಳಗಿನ ಗುಂಡಿ, ಇವುಗಳಲ್ಲಿ ಎಲ್ಲಿ ಎಸೆದರೆ ಏನಾದೀತು ಎಂಬುದು ಒಂದು ಮಟ್ಟಿಗೆ ಕೈಗೆ ಹತ್ತಿದೆ. ಈ ಡಿಸೆಂಬರ್‌ನಲ್ಲಿ ತಿಪಟೂರಿನ ನಮ್ಮ ಭಾವನವರೊಂದಿಗೆ ಹೊನ್ನಾವರಕ್ಕೆ ಹೋಗುವ ಯೋಚನೆಯಿದೆ. ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ ತುಮಕೂರಿನಲ್ಲಿ ಹುಟ್ಟಿ ಹೊನ್ನಾವರದಲ್ಲಿಯೇ ಮುಗಿಯುವುದರಿಂದ ದಾರಿ ಹುಡುಕುವ ಕಷ್ಟವಂತೂ ಇಲ್ಲ.

ನನ್ನ ಬಳಿ ಇರುವುದು ಏಳು ಅಡಿಯ ಬಿರುಸಾದ ರಾಡ್, 3000 ಅಳತೆಯ ಸ್ಪಿನ್ನಿಂಗ್ ರೀಲ್ ಮತ್ತು 50 ಪೌಂಡಿನ ಬ್ರೇಡ್ (ಹೆಣೆದ) ದಾರ. ಶರಾವತಿಯ ಅಳಿವೆಯಲ್ಲಿ ಬಾರಾಮುಂಡಿ, ಕೆಂಬೇರಿ ಮೊದಲಾದ ಮೀನುಗಳಿಗೆ ಇದೇ ಸಾಕಾಗುತ್ತದೆಯೇ, ಅಥವಾ ಹೊಸದಾಗಿ ಕೊಳ್ಳಬೇಕೇ? ದಿನದ ಯಾವ ಹೊತ್ತಿನಲ್ಲಿ ಹೋಗುವುದು ಉಚಿತ? ಅಲ್ಲಿಯವರೆಗೆ ಹೋದ ಮೇಲೆ ಒಂದು ದಿನ ದೋಣಿ ಗೊತ್ತುಮಾಡಿಕೊಂಡು ಸಮುದ್ರದೊಳಗಿನ ಬಂಡೆಸಾಲುಗಳ ಮೇಲೆ ಜಿಗ್ (ತಳಕ್ಕೆ ಇಳಿಸಿ ಎತ್ತಿ ಆಡಿಸುವ ಲೋಹದ ಲ್ಯೂರ್) ಹಾಕಿ ನೋಡಬೇಕೆಂದು ಭಾವನವರು ಹಠ ಹಿಡಿದಿದ್ದಾರೆ, ಅದು ಸಾಧ್ಯವೇ? ಖರ್ಚಿಗೆಂದು ಆರು ಸಾವಿರ ರೂಪಾಯಿ ತೆಗೆದಿರಿಸಿದ್ದೇನೆ. ಪ್ರಯಾಣ ಮತ್ತು ವಸತಿಯ ಖರ್ಚು ಬೇರೆ.

ಅಮಾನಿಕೆರೆ ದಂಡೆ, ತುಮಕೂರು

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದರ ತೂಕ ತಾನಾಗಿಯೇ ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆರೆಯಲ್ಲಿ ನೀರು ನಿಂತಿರುತ್ತದೆ. ಕೊರಮೀನು ತನ್ನ ಜಾಗವನ್ನು ಆರಿಸಿಕೊಂಡು ಅಲ್ಲಿಯೇ ಇರುತ್ತದೆ ಮತ್ತು ಗಾಳಿಯನ್ನು ನುಂಗಲು ಆಗಾಗ ಮೇಲೆ ಬರಲೇಬೇಕಾದ್ದರಿಂದ ತಾನಿರುವ ಸುಳಿವನ್ನು ತಾನೇ ಕೊಡುತ್ತದೆ. ಅಳಿವೆಯಲ್ಲಿ ಬಾರಾಮುಂಡಿಗೆ ಅಂತಹ ಅಗತ್ಯವಿಲ್ಲ. ಹರಿಯುವ ನೀರು ಸಣ್ಣ ಮೀನು ಮತ್ತು ಸಿಗಡಿಗಳನ್ನು ಎಲ್ಲಿಗೆ ತಂದು ಹಾಕುತ್ತದೆಯೋ ಅಲ್ಲಿ ಅದು ಹೊಂಚು ಹಾಕಿ ನಿಲ್ಲುತ್ತದೆ, ಹರಿವು ನಿಂತ ಹೊತ್ತಿನಲ್ಲಿ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಬೆಳಿಗ್ಗೆ ಒಳ್ಳೆಯದೋ ಸಂಜೆ ಒಳ್ಳೆಯದೋ ಎಂದು ಕೇಳುವುದಕ್ಕಿಂತ ಆ ದಿನ ನೀರು ಯಾವಾಗ ಇಳಿಯುತ್ತದೆ ಎಂದು ಕೇಳಿಕೊಳ್ಳುವುದು ಮೇಲು. ಇಳಿತದ ಹೊತ್ತು ಮುಂಜಾವಿಗೋ ಮುಸ್ಸಂಜೆಗೋ ಕೂಡಿಬಂದರೆ ಇನ್ನೂ ಒಳ್ಳೆಯದು.

ಬಯಲುಸೀಮೆಯವರಾದ ನಮಗೆ ಇದು ತಿಳಿಯದ ವಿದ್ಯೆಯೇನಲ್ಲ. ಮನೆಯ ಗೋಡೆಯ ಮೇಲಿನ ಪಂಚಾಂಗವನ್ನು ತೆಗೆದು ನೋಡಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನಗಳಲ್ಲಿ, ಅವುಗಳ ಮುಂದಿನ ಒಂದೆರಡು ದಿನಗಳಲ್ಲಿ, ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರವಿಳಿತ ದೊಡ್ಡದಾಗಿರುತ್ತದೆ; ಎರಡೂ ಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುತ್ತವೆಯಾದರೂ ಅವೆರಡೂ ಸಮನಾಗಿರುವುದಿಲ್ಲ, ಮತ್ತು ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತವೆ. ಗಂಟೆ ನಿಮಿಷಗಳ ಲೆಕ್ಕಕ್ಕೆ ಫೋನಿನಲ್ಲಿ ಕಾರವಾರದ ಸಮಯ ನೋಡಿಕೊಂಡರೆ ಸಾಕು. ಅದು ಕಡಲ ಅಂಚಿನ ಸಮಯ ಎಂಬುದು ಮಾತ್ರ ನೆನಪಿರಲಿ: ನದಿಯ ಮೇಲ್ಭಾಗಕ್ಕೆ ಹೋದಂತೆಲ್ಲ ನೀರು ತಿರುಗುವುದು ತಡವಾಗುತ್ತದೆ, ಆದ್ದರಿಂದ ಪಟ್ಟಿಯನ್ನು ನಂಬಿ ಬೇಗನೆ ಗಂಟುಮೂಟೆ ಕಟ್ಟಬೇಡಿ.

ಉಬ್ಬರ ತುಂಬಿ, ಇಳಿಯಲು ತೊಡಗಿ ಒಂದು ಗಂಟೆಯಾದ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವಿನಿಂದ ಹೊರಬೀಳುವ ಯಾವುದಾದರೊಂದು ಸಣ್ಣ ಕಾಲುವೆಯ ಬಾಯಿಯಿಂದ ಸ್ವಲ್ಪ ದೂರದಲ್ಲಿ ನಿಂತು ಹತ್ತು ನಿಮಿಷ ಗಾಳ ಎಸೆಯದೆ ನೋಡಿ. ಒಳಗಿನ ಕಂದು ನೀರು ಹೊರಗಿನ ಹಸಿರು ನೀರಿಗೆ ಸೇರುವ ಕಡೆಯಲ್ಲಿ ನೊರೆ ಮತ್ತು ಉದುರೆಲೆಗಳ ಒಂದು ಗೆರೆ ಮೂಡುತ್ತದೆ. ಬೇರಿನ ಸಂದಿಯಲ್ಲಿ ಅಡಗಿದ್ದ ಸಿಗಡಿಗಳು ನೀರು ಬತ್ತುತ್ತಿದ್ದಂತೆ ಬೇರೆ ದಾರಿ ಕಾಣದೆ ಆ ಕಾಲುವೆಯಲ್ಲೇ ಇಳಿದು ಬರುತ್ತವೆ, ಒಮ್ಮೊಮ್ಮೆ ಅವು ಮೇಲಕ್ಕೆ ಚಿಮ್ಮುವುದೂ ಕಾಣುತ್ತದೆ. ಆ ಗೆರೆಯ ಮೇಲೆಯೇ ಎಸೆದರೆ ಮೀನು ಬೆದರುವ ಸಂಭವವಿದೆ. ಹರಿವಿನ ಮೇಲ್ಭಾಗಕ್ಕೆ ಓರೆಯಾಗಿ ಎಸೆದು, ದಾರ ಸಡಿಲವಾಗದಷ್ಟೇ ಸುತ್ತುತ್ತ, ನೀರೇ ಲ್ಯೂರನ್ನು ಗೆರೆಯವರೆಗೆ ಒಯ್ಯುವಂತೆ ಬಿಡಬೇಕು.

ಶರಾವತಿಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕಾಗುತ್ತದೆ. ಲಿಂಗನಮಕ್ಕಿಯ ನೀರು ವಿದ್ಯುತ್ ಉತ್ಪಾದನೆಯ ನಂತರ ಗೇರುಸೊಪ್ಪೆಯ ಅಣೆಕಟ್ಟನ್ನು ದಾಟಿ ವರ್ಷವಿಡೀ ಕೆಳಗೆ ಬರುವುದರಿಂದ ಅಲ್ಲಿ ಸಿಹಿನೀರಿನ ಪಾಲು ಹೆಚ್ಚು. ಉತ್ತರಕ್ಕಿರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲದ ಕಾರಣ ಮಳೆಗಾಲ ಕಳೆದ ಮೇಲೆ ಉಪ್ಪು ನೀರು ಬಹಳ ಒಳಗಿನವರೆಗೆ ಏರುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಮತ್ತು ಅಲ್ಲಿ ಚಿಪ್ಪು ಆರಿಸಿ ಜೀವನ ನಡೆಸುವ ಕುಟುಂಬಗಳು ಬಹಳ ಇವೆ. ಅವರು ನೀರಿಗಿಳಿದಿರುವ ಕಡೆಯಲ್ಲಾಗಲಿ, ಬಲೆ ಕಟ್ಟಿರುವ ಕಡೆಯಲ್ಲಾಗಲಿ ಗಾಳ ಬೀಸುವ ಮಾತೇ ಬೇಡ.

ಮಾಲೂರಿನ ಗಾಳದವನು, ಕೋಲಾರ ಜಿಲ್ಲೆ

ಮೇಲಿನ ಹಿರಿಯರು ಹೇಳಿದ ಉಬ್ಬರವಿಳಿತದ ಮಾತು ಸರಿಯೇ ಆದರೂ ಸಲಕರಣೆಯನ್ನು ಅಷ್ಟು ಹಗುರವಾಗಿ ಕಾಣಬಾರದೆಂದು ನನಗನ್ನಿಸುತ್ತದೆ, ಏಕೆಂದರೆ ಕಪ್ಪೆಯ ರಾಡ್ ನಮ್ಮ ಕೈಗೆ ಕಲಿಸಿರುವ ಅಭ್ಯಾಸವೇ ಅಳಿವೆಯಲ್ಲಿ ಅಡ್ಡ ಬರುತ್ತದೆ. ಕೊರಮೀನು ಕಪ್ಪೆಯನ್ನು ಬಡಿದಾಗ ನಾವು ತಕ್ಷಣ ಎಳೆಯುವುದಿಲ್ಲ. ಅದು ಒಳಗೆ ತೆಗೆದುಕೊಂಡು ತಿರುಗಿದ ಭಾರ ಕೈಗೆ ತಿಳಿದ ಮೇಲೆ ಬಲವಾಗಿ ಎತ್ತಿ, ಡ್ರ್ಯಾಗ್ (ಮೀನು ಎಳೆದಾಗ ರೀಲು ದಾರ ಬಿಡುವ ಬಿಗಿ) ಬಿಗಿಯಾಗಿಟ್ಟು ಜೊಂಡಿನಿಂದ ಒಂದೇ ಉಸಿರಿಗೆ ಹೊರಗೆ ತರುತ್ತೇವೆ. ಕಪ್ಪೆಯ ಕೊಕ್ಕೆ ದಪ್ಪವಾಗಿದ್ದು ಅಷ್ಟು ಸೆಳೆತವನ್ನು ತಡೆಯುತ್ತದೆ. ಸಣ್ಣ ಮೀನಿನ ಆಕಾರದ ಮಿನ್ನೋ ಲ್ಯೂರಿಗೆ ಇರುವುದು ಮೂರು ಮೊನೆಯ ಸಣ್ಣ ಕೊಕ್ಕೆ. ಬಾರಾಮುಂಡಿ ಬಡಿದ ಕ್ಷಣದಲ್ಲೇ ದಾರ ಬಿಗಿಯಾಗಿರಬೇಕು, ಕಾಯುವ ಪ್ರಶ್ನೆಯಿಲ್ಲ; ಆದರೆ ಡ್ರ್ಯಾಗ್ ಪೂರ್ತಿ ಬಿಗಿದಿದ್ದರೆ ಕೊಕ್ಕೆ ನೆಟ್ಟಗಾಗುತ್ತದೆ ಅಥವಾ ಬಾಯಿ ಹರಿದುಕೊಂಡು ಬರುತ್ತದೆ. ದಾರದ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ಡ್ರ್ಯಾಗ್ ಬಿಡುವಂತಿರಲಿ. ಮೀನು ನೀರಿನಿಂದ ಮೇಲೆ ಹಾರಿ ತಲೆ ಕೊಡವುವಾಗ ರಾಡಿನ ತುದಿಯನ್ನು ಕೆಳಕ್ಕೆ ಇಳಿಸಿ. ಕೆಂಬೇರಿಯ ವಿಷಯ ಮಾತ್ರ ಬೇರೆ: ಅದು ಬಡಿದೊಡನೆ ಬೇರಿನ ಬುಡಕ್ಕೆ ನುಗ್ಗುತ್ತದೆ, ಅದಕ್ಕೆ ನಿಮ್ಮ ಕೊರಮೀನಿನ ಒರಟುತನವೇ ಸರಿ.

ಏಳು ಅಡಿಯ ಬಿರುಸು ರಾಡಿನಲ್ಲಿ 12, 15 ಗ್ರಾಂ ತೂಕದ ಮಿನ್ನೋ ದೂರ ಹೋಗುವುದಿಲ್ಲ, ಹೋದರೂ ಅದರ ಅಲುಗಾಟ ಕೈಗೆ ತಿಳಿಯುವುದಿಲ್ಲ. ಸುಮಾರು 10ರಿಂದ 30 ಗ್ರಾಂ ಎಸೆಯಬಲ್ಲ ಮಧ್ಯಮ ಬಿರುಸಿನ ಒಂದು ರಾಡ್ ಕೊಳ್ಳಿ, ರೀಲ್ ಈಗಿರುವುದೇ ಸಾಕು. ದಾರವನ್ನು 20 ಅಥವಾ 30 ಪೌಂಡಿಗೆ ಇಳಿಸಿ, ಅದಕ್ಕೆ ಒಂದು ಮಾರಿನಷ್ಟು ಉದ್ದದ 40 ಪೌಂಡಿನ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್ (ತುದಿಯ ದಾರ) ಕಟ್ಟಿ. ಬಾರಾಮುಂಡಿಯ ಕಿವಿರಿನ ಮುಚ್ಚಳದ ಅಂಚು ಕುಡುಗೋಲಿನಂತೆ ಹರಿತ. ಲೀಡರ್ ಇಲ್ಲದ ಬ್ರೇಡ್ ಅದಕ್ಕೆ ತಾಗಿದರೆ ಉಳಿಯುವುದಿಲ್ಲ. ಬಂಡೆಗೆ ಅಂಟಿದ ಚಿಪ್ಪುಗಳೂ ಹಾಗೆಯೇ. ಅದೇ ಕಾರಣಕ್ಕೆ ಕೆಸರಿಗೆ ಇಳಿಯುವಾಗ ಚಪ್ಪಲಿ ಬೇಡ, ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಳ್ಳಿ. ಲ್ಯೂರುಗಳ ಮೇಲೆ ಹೆಚ್ಚು ಹಣ ಸುರಿಯಬೇಡಿ: ಒಂಬತ್ತರಿಂದ ಹನ್ನೆರಡು ಸೆಂಟಿಮೀಟರಿನ, ಒಂದೆರಡು ಮೀಟರ್ ಆಳಕ್ಕೆ ಇಳಿಯುವ ಎರಡು ಮಿನ್ನೋ, ಮೆದು ಪ್ಲಾಸ್ಟಿಕ್ಕಿನ ಸಿಗಡಿ ಒಂದು ಪೊಟ್ಟಣ, ಅದಕ್ಕೆ 7ರಿಂದ 14 ಗ್ರಾಂ ತೂಕದ ಜಿಗ್‌ಹೆಡ್‌ಗಳು (ಭಾರದ ತಲೆಯುಳ್ಳ ಕೊಕ್ಕೆಗಳು). ಅಂಗಡಿಯವರು ಹದಿನೆಂಟು ಬಣ್ಣ ತೋರಿಸುತ್ತಾರೆ, ಅವು ಹೆಚ್ಚಾಗಿ ಕೊಳ್ಳುವವರನ್ನು ಹಿಡಿಯಲು ಬಳಿದ ಬಣ್ಣಗಳು.

ಉಪ್ಪಿನ ವಿಷಯದಲ್ಲಿ ಉದಾಸೀನ ಸಲ್ಲದು. ಅದೇ ದಿನ, ವಸತಿಗೃಹದಲ್ಲಿಯೇ, ಡ್ರ್ಯಾಗಿನ ಗುಬಟನ್ನು ಬಿಗಿ ಮಾಡಿ ರೀಲಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿಯಬೇಕು. ಪೈಪಿನಿಂದ ರಭಸವಾಗಿ ಹೊಡೆದರೆ ಉಪ್ಪು ಇನ್ನಷ್ಟು ಒಳಗೆ ಸೇರುತ್ತದೆ. ನೆರಳಿನಲ್ಲಿ ಒಣಗಿದ ಮೇಲೆ ಗುಬಟನ್ನು ಸಡಿಲಿಸಿ ಇಡಿ. ಊರಿಗೆ ಬಂದು ತೊಳೆದರಾಯಿತು ಎಂದು ಬಿಟ್ಟರೆ ಅಷ್ಟರಲ್ಲಿ ಕೊಕ್ಕೆಗಳು ತುಕ್ಕು ಹಿಡಿದಿರುತ್ತವೆ. ಅಲ್ಲದೆ ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಲೋಹದ ಮೇಲೆ ಬಿಳಿ ಪೊರೆ ಬಿಡುವುದು ತಮಗೂ ಗೊತ್ತಿರುವುದೇ. ಮನೆಯಲ್ಲಿ ಮತ್ತೊಮ್ಮೆ ಒರೆಸುವುದಾದರೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಬಳಸಿ.

ಜಕ್ಕಲಮಡಗು, ಚಿಕ್ಕಬಳ್ಳಾಪುರ

ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಭಾವನವರಿಗೆ ಬೇಸರವಾಗಬಹುದು, ಆದರೂ ಈ ಸಲ ಸಮುದ್ರವನ್ನು ಬಿಡುವುದೇ ಒಳ್ಳೆಯದು. ಬಂಡೆಸಾಲಿನ ಮೇಲಿನ ಜಿಗ್ಗಿಂಗ್‌ಗೆ ಅಳಿವೆಯ ಸಲಕರಣೆ ಒಗ್ಗುವುದಿಲ್ಲ. 30 ಮೀಟರ್ ಆಳದಲ್ಲಿ ಸೆಳವಿರುವ ನೀರಿನಲ್ಲಿ ಜಿಗ್ ನೇರವಾಗಿ ತಳ ಮುಟ್ಟಬೇಕಾದರೆ 60ರಿಂದ 100 ಗ್ರಾಂ ತೂಕ ಬೇಕು. ಅದನ್ನು ಗಂಟೆಗಟ್ಟಲೆ ಎತ್ತಿ ಇಳಿಸಲು ಗಿಡ್ಡನೆಯ ಗಟ್ಟಿ ರಾಡ್, 5000 ಅಥವಾ ಅದಕ್ಕೂ ದೊಡ್ಡ ರೀಲ್, 200 ಮೀಟರಿಗೆ ಕಡಿಮೆಯಿಲ್ಲದ ದಾರ ಬೇಕು. ಮುರು ಮೀನು ಕಚ್ಚಿದರೆ ಮೊದಲ ಮೂರು ನಾಲ್ಕು ಸುತ್ತಿನಲ್ಲಿಯೇ ಅದನ್ನು ಬಂಡೆಯಿಂದ ಮೇಲಕ್ಕೆ ಎತ್ತದಿದ್ದರೆ ಪೊಟರೆಗೆ ಸೇರಿಕೊಂಡು ದಾರ ಕತ್ತರಿಸುತ್ತದೆ. ಅಂಜಲ್ ಮೀನು ಬಂದರೆ ಅದರ ಹಲ್ಲಿಗೆ ನೈಲಾನ್ ಲೀಡರ್ ನಿಲ್ಲದು, ತಂತಿಯ ತುಂಡು ಬೇಕಾಗುತ್ತದೆ. ಆರು ಸಾವಿರದಲ್ಲಿ ಇಷ್ಟೆಲ್ಲ ಆಗುವ ಮಾತಲ್ಲ, ದೋಣಿಯ ಬಾಡಿಗೆ ಬೇರೆ ಇದೆ.

ಆಳದ ಮೀನನ್ನು ಹಿಡಿದು ಬಿಡುವುದೂ ಸುಲಭವಲ್ಲ. ಒತ್ತಡ ಇಳಿದಂತೆ ಅದರ ಒಡಲಿನ ಗಾಳಿಚೀಲ ಹಿಗ್ಗಿ ಹೊಟ್ಟೆಯ ಭಾಗ ಬಾಯಿಯವರೆಗೆ ಬಂದಿರುತ್ತದೆ, ಬಿಟ್ಟರೂ ಅದು ಮೇಲೆಯೇ ತೇಲುತ್ತ ಸಾಯುತ್ತದೆ. ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ ಭಾರದ ಕ್ಲಿಪ್‌ಗಳಿವೆ. ಅವನ್ನು ಬಳಸಲು ಬಾರದವರು ತಿನ್ನುವಷ್ಟನ್ನು ಮಾತ್ರ ಹಿಡಿದು ನಿಲ್ಲಿಸಬೇಕು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಹೆಸರನ್ನು ಯಾರಾದರೂ ಎತ್ತಿಯಾರು. ಅಲ್ಲಿ ಹವಳಗಳಿವೆ, ಸ್ಕೂಬಾ ಮುಳುಗುಗಾರರು ಇಳಿಯುತ್ತಾರೆ. ಲೋಹದ ಜಿಗ್ ಬಡಿಯುವುದಕ್ಕೆ ಅದು ತಕ್ಕ ಸ್ಥಳವೆಂದು ನಾನು ಭಾವಿಸುವುದಿಲ್ಲ. ಮುಂದೆ ಎಂದಾದರೂ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರುವರಿಯೊಳಗಿನ ಶಾಂತ ದಿನವನ್ನು ಆರಿಸಿ, ಸ್ಥಳೀಯ ಮೀನುಗಾರರ ದೋಣಿಯಲ್ಲೇ ಹೋಗಿ. ಎಲ್ಲರಿಗೂ ಜೀವರಕ್ಷಕ ಅಂಗಿ ಇಲ್ಲದ ದೋಣಿಯನ್ನು ಹತ್ತಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ, ಆ ಕಾಲದ ಸಮುದ್ರವೂ ಹವ್ಯಾಸಕ್ಕೆ ಹೇಳಿದ್ದಲ್ಲ.

ಶಿಂಷಾತೀರ, ಕುಣಿಗಲ್

ತಮ್ಮೆಲ್ಲರಿಗೂ ಕೃತಜ್ಞತೆಗಳು. ಭಾವನವರಿಗೆ ಓದಿ ಹೇಳಿದೆ. ಸಮುದ್ರವನ್ನು ಮುಂದಿನ ವರ್ಷಕ್ಕೆ ಹಾಕಿದ್ದಾರೆ, ಬಿಟ್ಟಿಲ್ಲ. ಪಂಚಾಂಗ ನೋಡಿದಾಗ ಒಂದು ತೊಡಕು ಕಂಡಿತು. ನಮ್ಮಿಬ್ಬರಿಗೂ ರಜೆ ಸಿಗುವ ಶನಿವಾರ ಭಾನುವಾರಗಳು ಸರಿಯಾಗಿ ಅಷ್ಟಮಿಗೇ ಬಂದು ಬೀಳುತ್ತವೆ. ಪ್ರಯಾಣವನ್ನು ಮುಂದೂಡಬೇಕೇ? ಇನ್ನೊಂದು ಪ್ರಶ್ನೆ: ದೊಡ್ಡ ಬಾರಾಮುಂಡಿ ಸಿಕ್ಕರೆ ಊರಿಗೆ ತರಬಹುದೇ? ಮನೆಯಲ್ಲಿ ಈಗಲೇ ಮಸಾಲೆಯ ಮಾತು ನಡೆದಿದೆ.

ಅಮಾನಿಕೆರೆ ದಂಡೆ, ತುಮಕೂರು

ಮುಂದೂಡುವ ಅಗತ್ಯವಿಲ್ಲ, ಜಾಗವನ್ನು ಬದಲಿಸಿಕೊಂಡರೆ ಸಾಕು. ಅಷ್ಟಮಿಯ ಆಸುಪಾಸಿನಲ್ಲಿ ಅಗಲವಾದ ಅಳಿವೆಯ ನಡುವೆ ಹರಿವು ತೀರ ಮಂದವಾಗಿರುತ್ತದೆಯಾದರೂ ನೀರು ಇಕ್ಕಟ್ಟಾಗಿ ಹಾಯಬೇಕಾದ ಕಡೆಗಳಲ್ಲಿ, ಅಂದರೆ ಸೇತುವೆಯ ಕಂಬಗಳ ಪಕ್ಕ, ಎರಡು ದಿಬ್ಬಗಳ ನಡುವಿನ ಕಿರುದಾರಿ, ಕಡಿದಾದ ತಿರುವಿನ ಹೊರ ಅಂಚು, ಇಂತಹ ಕಡೆ ಸ್ವಲ್ಪ ಸೆಳವು ಉಳಿದಿರುತ್ತದೆ. ನೀರು ಕಡಿಮೆ ಕಲಕುವುದರಿಂದ ತಿಳಿಯಾಗಿಯೂ ಇರುತ್ತದೆ; ಲೀಡರನ್ನು 30 ಪೌಂಡಿಗೆ ಇಳಿಸಿ, ಮಿನ್ನೋಗಿಂತ ಮೆದು ಸಿಗಡಿಯನ್ನು ಹೆಚ್ಚು ನೆಚ್ಚಿಕೊಳ್ಳಿ.

ಬಾರಾಮುಂಡಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುವ ಮೀನು. ಮುಕ್ಕಾಲು ಮೀಟರಿಗಿಂತ ಬಹಳ ಉದ್ದವಾದದ್ದು ಸಿಕ್ಕರೆ ಅದು ಮೊಟ್ಟೆಯಿಡುವ ಹೆಣ್ಣೇ ಆಗಿರುವ ಸಂಭವ ಹೆಚ್ಚು. ಕೆಂಪು ಮರಿಗಳ ಹಿಂಡನ್ನು ಕಾಯುತ್ತಿರುವ ಕೊರಮೀನಿಗೆ ನಾವು ಕಪ್ಪೆ ಎಸೆಯುವುದಿಲ್ಲವಷ್ಟೇ, ಇಲ್ಲಿಯೂ ಅದೇ ಕ್ರಮವಿರಲಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಟ್ಟಿದ್ದರೆ ನೀರಿನಲ್ಲಿಯೇ ಬಿಡಿಸಬಹುದು. ಎರಡು ಕೆಜಿಯ ಒಳಗಿನದೊಂದು ಸಿಕ್ಕರೆ ತನ್ನಿ, ಮಸಾಲೆಗೆ ಹಿತವಾದ ಗಾತ್ರವೂ ಅದೇ. ಸಿಗದಿದ್ದರೆ ಹೊನ್ನಾವರದ ಮೀನು ಪೇಟೆ ಇದ್ದೇ ಇದೆ. ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯನ್ನು ಅಲ್ಲಿಯೇ ಕಟ್ಟಿಸಿಕೊಳ್ಳಬಹುದು, ಎಲ್ಲಿಂದ ಬಂತೆಂದು ಮನೆಯಲ್ಲಿ ಹೇಳುವ ವಿಚಾರ ಭಾವನವರಿಗೆ ಬಿಟ್ಟದ್ದು.