ಊರಿನಲ್ಲಿ ಇಬ್ಬರೇ ಇರುವ ತಂದೆತಾಯಿಯರನ್ನು ಫೋನ್ ವಂಚಕರಿಂದ ಕಾಯುವುದು ಹೇಗೆ?

ಪ್ರಶ್ನೆ: ಪೆರ್ಲದವನು (ಈಗ ಬೆಂಗಳೂರು)

ಮಾನ್ಯರೇ,

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದಲ್ಲಿದೆ. ತಂದೆಯವರು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತರಾದವರು. ಪಿಂಚಣಿ ಟ್ರೆಜರಿ ಖಾತೆಗೆ ಬರುತ್ತದೆ, ಅಡಿಕೆ ಮಾರಿದ ಹಣ ಬೇರೆ ಬ್ಯಾಂಕಿನಲ್ಲಿದೆ. ನಾನು ಬೆಂಗಳೂರಿನಲ್ಲಿ, ತಮ್ಮ ದುಬೈಯಲ್ಲಿ ಇರುವುದರಿಂದ ಮನೆಯಲ್ಲಿ ಅವರಿಬ್ಬರೇ.

ಇತ್ತೀಚೆಗೆ ಟೆಲಿಕಾಂ ಇಲಾಖೆಯವನೆಂದು ಹೇಳಿಕೊಂಡ ಒಬ್ಬಾತ ಅವರಿಗೆ ಕರೆಮಾಡಿ, ಅವರ ಆಧಾರ್ ಬಳಸಿ ಮುಂಬೈಯಲ್ಲಿ ಯಾರೋ ಸಿಮ್ ಪಡೆದು ಅಪರಾಧ ಎಸಗಿದ್ದಾರೆಂದು ಬೆದರಿಸಿದ್ದಾನೆ. ಬಳಿಕ ಪೊಲೀಸ್ ಸಮವಸ್ತ್ರ ತೊಟ್ಟ ಇನ್ನೊಬ್ಬನು ವಾಟ್ಸಾಪ್ ವೀಡಿಯೊ ಕರೆಯಲ್ಲಿ ಬಂದು, ಮನೆಯವರಿಗೂ ವಿಷಯ ತಿಳಿಸಕೂಡದೆಂದು ಆಜ್ಞೆ ಮಾಡಿದ್ದಾನೆ. ತಂದೆಯವರು ಚಾವಡಿಯಿಂದ ಎದ್ದು ಕೋಣೆಯ ಬಾಗಿಲು ಎಳೆದುಕೊಂಡಿದ್ದಾರೆ. ತಾಯಿ ಊಟಕ್ಕೆ ಕರೆಯಲು ಬಾಗಿಲು ತೆರೆದಾಗ ಅವರು ಬಾಯಿ ಬಿಡದೆ, ಹೊರಗೆ ಹೋಗು ಎಂದು ಕೈಸನ್ನೆ ಮಾಡಿದರಂತೆ. ಮಂಚದ ಮೇಲೆ ಪಾಸ್‌ಬುಕ್ ತೆರೆದಿತ್ತು. ತಾಯಿಗೆ ಸಂಶಯ ಬಂದು ನೆರೆಮನೆಯ ಹುಡುಗನನ್ನು ಕರೆತಂದರು. ಅವನು ಬಂದು ಫೋನ್ ಆಫ್ ಮಾಡಿದ್ದರಿಂದ ಹಣ ಉಳಿಯಿತು.

ತಂದೆಯವರ ಸ್ಮಾರ್ಟ್‌ಫೋನ್ ತೆಗೆದುಕೊಂಡು ಗುಂಡಿ ಒತ್ತುವ ಫೋನ್ ಕೊಡೋಣ ಎಂಬುದು ತಮ್ಮನ ಅಭಿಪ್ರಾಯ. ಮಕ್ಕಳ ಮುಖ ನೋಡಿ ಮಾತನಾಡಲು ಅವರಿಗೆ ಇರುವುದು ಅದೊಂದೇ ದಾರಿ ಎಂದು ನನಗೆ ಹಿಂಜರಿಕೆ. ಆ ದಿನದ ಮಾತೆತ್ತಿದರೆ ತಂದೆಯವರು ಎದ್ದು ತೋಟಕ್ಕೆ ಹೋಗಿಬಿಡುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ ಯಾವ ಏರ್ಪಾಡು ಮಾಡಬಹುದು?

ಉತ್ತರ: ಕುಂಬಳೆಯ ನಿವೃತ್ತ ಬ್ಯಾಂಕ್ ನೌಕರ

ನಿಮ್ಮ ತಂದೆಯವರಿಗೆ ಆದಂತೆ ವೀಡಿಯೊ ಕರೆಯಲ್ಲೇ ಹೆದರಿಸಿ ಕೂರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದ್ದಾರೆ. ತಂದೆಯವರು ರೇಡಿಯೊ ಕೇಳುವವರಾದರೆ, ನಿಮ್ಮ ಮಾತಿಗಿಂತ ಆ ಮಾತು ಅವರಿಗೆ ಬೇಗ ನಾಟೀತು.

ಆದರೆ ತಿಳಿವಳಿಕೆ ಒಂದನ್ನೇ ನಂಬಿ ಕೂರಬೇಡಿ. ಭಯ ಹಿಡಿದ ಹೊತ್ತಿನಲ್ಲಿ ತಿಳಿದದ್ದು ನೆನಪಿಗೆ ಬರುವುದಿಲ್ಲ. ನಾನು ಕೌಂಟರಿನಲ್ಲಿ ಕುಳಿತಿದ್ದ ಕಾಲದಲ್ಲಿ ಸುಶಿಕ್ಷಿತರೇ ನಡುಗುವ ಕೈಯಲ್ಲಿ ಚಲನ್ ತುಂಬಿಸುವುದನ್ನು ನೋಡಿದ್ದೇನೆ. ಆದ್ದರಿಂದ, ಎಷ್ಟೇ ಹೆದರಿದರೂ ಹೆಚ್ಚು ಹಣ ಹೊರಗೆ ಹೋಗಲಾಗದಂತೆ ಖಾತೆಯನ್ನೇ ಅಣಿಮಾಡಿ ಇಡಬೇಕು. ದೊಡ್ಡ ಮೊತ್ತ ಹೋಗುವುದು ಹೆಚ್ಚಾಗಿ ನಿರಖು ಠೇವಣಿಯಿಂದ. ವಂಚಕರು ಮೊದಲು ಕೇಳುವುದೇ ಎಫ್‌ಡಿ ಎಷ್ಟಿದೆ ಎಂದು. ಅದನ್ನು ತಂದೆತಾಯಿಯರ ಜಂಟಿ ಹೆಸರಿನಲ್ಲಿ, ಇಬ್ಬರೂ ಸಹಿ ಹಾಕದೆ ಮುರಿಯಲಾಗದಂತೆ ಇರಿಸಬಹುದು. ಯುಪಿಐ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ, ದಿನದ ಮಿತಿಯನ್ನೂ ತಗ್ಗಿಸಲಿ. ‘ಯುಪಿಐ ಸರ್ಕಲ್’ ಎಂಬ ವ್ಯವಸ್ಥೆಯೂ ಈಗ ಇದೆ: ನಿಮ್ಮ ಖಾತೆಯಿಂದ ಅವರು ಪಾವತಿ ಮಾಡಬಹುದು, ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ 15,000 ರೂಪಾಯಿಯ ಮಿತಿಯಿದೆ, ಭಾಗಶಃ ಕೊಟ್ಟರೆ ಪ್ರತಿಯೊಂದು ಪಾವತಿಗೂ ನಿಮ್ಮ ಒಪ್ಪಿಗೆ ಬೇಕು. ಆದರೆ ಮಗನ ದುಡ್ಡಿನಲ್ಲಿ ಮೀನು ತರಕಾರಿ ಕೊಳ್ಳಲು ನಿಮ್ಮ ಮಾಷ್ಟ್ರು ಒಪ್ಪುತ್ತಾರೋ ಎಂಬುದು ಬೇರೆ ಪ್ರಶ್ನೆ.

ಅಕಸ್ಮಾತ್ ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ದಾಟುವ ಮೊದಲು ಅದನ್ನು ತಡೆಹಿಡಿಯುವುದೇ ಈ ಸಂಖ್ಯೆಯ ಉದ್ದೇಶ. ಬ್ಯಾಂಕಿಗೂ ಕೂಡಲೇ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಒಟಿಪಿ ಅಥವಾ ಪಿನ್ನನ್ನು ಗ್ರಾಹಕರೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಮರ್ಯಾದೆಗೆ ಅಂಜಿ ನಾಳೆ ಹೇಳೋಣವೆಂದು ಕುಳಿತರೆ ಆಗುವ ಹಾನಿ ಇದರಿಂದ ತಿಳಿಯುತ್ತದೆ.

ಉತ್ತರ: ಮಂಜೇಶ್ವರದ ಕಡೆಯ ಅಕ್ಷಯ ಕೇಂದ್ರದವಳು

ಸರ್ಕಾರಿ ಸೇವೆಗಳ ಆನ್‌ಲೈನ್ ಕೆಲಸ ಮಾಡಿಕೊಡುವ ನಮ್ಮ ಅಕ್ಷಯ ಕೇಂದ್ರಕ್ಕೆ ಬರುವ ಹಿರಿಯರನ್ನು ಹೆಚ್ಚು ಹೆದರಿಸುವುದು ಪೊಲೀಸರ ಹೆಸರಿನ ಕರೆಯಲ್ಲ, ಪಿಂಚಣಿಯ ಹೆಸರಿನ ಕರೆ. ‘ನಿಮ್ಮ ಮಸ್ಟರಿಂಗ್ ಆಗಿಲ್ಲ, ಈ ತಿಂಗಳಿನಿಂದ ಪಿಂಚಣಿ ನಿಲ್ಲುತ್ತದೆ, ಈಗ ಬಂದ ನಂಬರ್ ಹೇಳಿ’ ಎಂದರೆ ಸಾಕು, ಅವರು ಹೇಳಿಬಿಡುತ್ತಾರೆ. ಮಸ್ಟರಿಂಗ್ ಎಂದರೆ ಪಿಂಚಣಿದಾರರು ಬದುಕಿದ್ದಾರೆಂದು ದೃಢಪಡಿಸುವುದು. ಅದಕ್ಕಾಗಿ ಇರುವ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರಕ್ಕೆ ಬೆರಳಚ್ಚು ಅಥವಾ ಮುಖದ ಗುರುತು ಬೇಕು. ಅದು ಫೋನಿನಲ್ಲಿ ಒಟಿಪಿ ಓದಿ ಹೇಳಿ ಮುಗಿಯುವ ಕೆಲಸವಲ್ಲ. ಅದು ಆಗಿದೆಯೆಂಬುದಕ್ಕೆ ಚೀಟಿ ಸಿಗುತ್ತದೆ. ಅದನ್ನು ಪಿಂಚಣಿ ಪುಸ್ತಕದೊಳಗೆ ಇಟ್ಟು, ಕರೆ ಬಂದಾಗ ಅದನ್ನೇ ನೋಡಿಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಕೈಯಲ್ಲಿ ಕಾಗದವಿದ್ದರೆ ಅವರಿಗೆ ಧೈರ್ಯ.

ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯಿಂದ ಕೇವಲ ಬೆರಳಚ್ಚು ಒತ್ತಿಸಿ ಹಣ ತೆಗೆಯುವ ವ್ಯವಸ್ಥೆಯೂ ಇದೆ, ಅದರಲ್ಲಿ ಮೋಸವೂ ನಡೆಯುತ್ತದೆ. ಇದನ್ನು ತಪ್ಪಿಸಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಆದರೆ ಲಾಕ್ ಮಾಡಿದವರು ಮಸ್ಟರಿಂಗ್‌ಗೆ ಬರುವ ದಿನ ಅದನ್ನು ತೆರೆದುಕೊಂಡೇ ಬರಬೇಕು. ಮಗ ಬೆಂಗಳೂರಿನಲ್ಲಿ ಕುಳಿತು ಲಾಕ್ ಮಾಡಿರುತ್ತಾನೆ, ಇಲ್ಲಿ ತಂದೆಯವರ ಬೆರಳು ಎಷ್ಟು ಒರೆಸಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ, ಬಿಸಿಲಿನಲ್ಲಿ ಬಂದ ಹಿರಿಯರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಲಾಕ್ ಮಾಡುವವರು ದಯವಿಟ್ಟು ಅವರಿಗೂ ತಿಳಿಸಿ ಮಾಡಿ.

ಇನ್ನೊಂದು ವಿಷಯವೆಂದರೆ, ವಾಟ್ಸಾಪ್‌ನಲ್ಲಿ ವಾಹನದ ದಂಡದ ಚೀಟಿ ಅಥವಾ ಮದುವೆಯ ಕಾಗದ ಎಂದು ಬರುವ ಫೈಲ್‌ನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿಕೊಂಡರೆ ಫೋನಿಗೆ ಬರುವ ಎಸ್ಸೆಮ್ಮೆಸ್ಸುಗಳು ವಂಚಕರ ಕೈಗೆ ಹೋಗುತ್ತವೆ. ಪರಿಚಯದವರ ನಂಬರಿನಿಂದ ಬಂದರೂ ಇದೇ ಮಾತು. ಅವರ ಫೋನೂ ಆಗಲೇ ಕೈತಪ್ಪಿರಬಹುದು.

ಉತ್ತರ: ನೀರ್ಚಾಲಿನ ಹಿರಿಯ

ನಾನು ನಿಮ್ಮ ತಂದೆಯವರ ಪ್ರಾಯದವನು. ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೂ ನಮ್ಮ ಬಗ್ಗೆ ನಮ್ಮಲ್ಲಿ ಕೇಳದೆ ತೀರ್ಮಾನ ಮಾಡುವ ಧಾಟಿ ನನಗೆ ಹಿಡಿಸುವುದಿಲ್ಲ.

ನಾವು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತನಾಡಿ ಬೆಳೆದವರು. ಆ ಕರೆಗಳು ಬರುವುದು ಹೆಚ್ಚಾಗಿ ಹಿಂದಿಯಲ್ಲಿ, ಬೇಕಾದಲ್ಲಿ ಇಂಗ್ಲಿಷ್ ಬೆರೆಸಿ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿಯದ ಆ ಅರ್ಧವೇ ಸರ್ಕಾರದ ಮಾತಿನಂತೆ ಕೇಳಿಸುತ್ತದೆ. ತಿರುಗಿ ಪ್ರಶ್ನಿಸಲು ಬೇಕಾದ ವಾಕ್ಯ ನಾಲಿಗೆಗೆ ಬರುವುದಿಲ್ಲ. ಅದೇ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ನಿಮ್ಮ ತಂದೆಯವರು ಆ ಪೊಲೀಸನಿಗೆ ನಾಲ್ಕು ಅಡ್ಡಪ್ರಶ್ನೆ ಹಾಕುತ್ತಿದ್ದರು, ಮಾಷ್ಟ್ರಲ್ಲವೇ. ನಮ್ಮ ಮನೆಯಲ್ಲಿ ನಾನು ಇಟ್ಟುಕೊಂಡ ನಿಯಮ ಸರಳವಾದದ್ದು: ಯಾರೇ ಆಗಲಿ, ‘ಕನ್ನಡದಲ್ಲೋ ಮಲಯಾಳದಲ್ಲೋ ಹೇಳಿ, ಇಲ್ಲವೇ ಊರಿನ ಠಾಣೆಯ ಮೂಲಕ ಕಾಗದ ಕಳುಹಿಸಿ’ ಎಂದು ಹೇಳಿ ಫೋನ್ ಇಡುವುದು. ಈಗೀಗ ಮಲಯಾಳದಲ್ಲಿಯೂ ಮಾತನಾಡುತ್ತಾರೆಂದು ಕೇಳಿದ್ದೇನೆ. ಆದ್ದರಿಂದ ಮಾತಿನ ಎರಡನೆಯ ಭಾಗವನ್ನು ಬಿಡಬಾರದು.

‘ಗುರುತಿಲ್ಲದ ನಂಬರ್, ವಿದೇಶದ ನಂಬರ್ ಎತ್ತಬೇಡಿ’ ಎಂಬ ಉಪದೇಶ ಬೇರೆ ಊರಿಗೆ ಸರಿಹೋದೀತು. ಇಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದಾರೆ; ಮಗನ ಫೋನ್ ಕೆಟ್ಟರೆ ಅವನು ಸ್ನೇಹಿತನ ಫೋನಿನಿಂದ ಕರೆಮಾಡುತ್ತಾನೆ. ಆ ಕರೆಯನ್ನು ಯಾವ ತಾಯಿ ಎತ್ತದೆ ಬಿಟ್ಟಾಳು? ಎತ್ತಲಿ, ಆದರೆ ಹಣದ ಮಾತು ಬಂದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಕೇಳಲಿ. ದನದ ಹೆಸರೋ ಗದ್ದೆಯ ಹೆಸರೋ ಆದೀತು. ಕಂಪ್ಯೂಟರಿನಲ್ಲಿ ಮಗನ ಸ್ವರವನ್ನೇ ಅನುಕರಿಸುವ ಈ ಕಾಲದಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫೋನ್ ಕಸಿದುಕೊಳ್ಳಬೇಡಿ. ಕಸಿದುಕೊಂಡ ಮನೆಗಳಲ್ಲಿ ಹಿರಿಯರು ಮುಂದಿನ ಸಲ ಏನಾದರೂ ಆದರೆ ಮುಚ್ಚಿಡುತ್ತಾರೆ, ಏಕೆಂದರೆ ಹೇಳಿದರೆ ಉಳಿದದ್ದೂ ಹೋಗುತ್ತದೆಂದು ಅವರಿಗೆ ಗೊತ್ತು. ‘ಯಾರಿಗೂ ಹೇಳಬೇಡ’ ಎಂಬುದೇ ವಂಚಕನ ಬಂಡವಾಳ. ನಾವು ಬೈದಷ್ಟೂ ಅದು ಬೆಳೆಯುತ್ತದೆ. ತಂದೆಯವರಲ್ಲಿ ಆ ದಿನದ ಮಾತೆತ್ತುವ ಬದಲು, ನಿಮಗೆ ಬಂದ ಇಂಥದೇ ಒಂದು ಕರೆಯನ್ನೋ ಮೆಸೇಜನ್ನೋ ಅವರಿಗೆ ಕಳುಹಿಸಿ, ‘ಇದು ನಿಜವೋ ಸುಳ್ಳೋ, ನಿಮಗೇನನ್ನಿಸುತ್ತದೆ?’ ಎಂದು ಕೇಳಿ ನೋಡಿ. ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದು ಅವರಿಗೆ ಬರುವ ಕೆಲಸ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರ ಮಾತನ್ನು ತಮ್ಮನಿಗೂ ಓದಿ ಹೇಳಿದ್ದೇನೆ. ಫೋನ್ ಬದಲಿಸುವ ಮಾತನ್ನು ಅವನು ಸದ್ಯಕ್ಕೆ ಬಿಟ್ಟಿದ್ದಾನೆ. ಇನ್ನೊಂದು ಸಂಶಯ: ಮುಂದೆ ಹಣ ಹೋದರೆ ದೂರನ್ನು ಎಲ್ಲಿ ಕೊಡಬೇಕು? ತಂದೆಯವರ ಬ್ಯಾಂಕ್ ಖಾತೆ ಮಂಗಳೂರಿನ ಶಾಖೆಯಲ್ಲಿದೆ, ಮನೆ ಕೇರಳದಲ್ಲಿದೆ, ವಂಚಕ ಎಲ್ಲಿದ್ದಾನೋ ತಿಳಿಯದು. ಮಲಯಾಳದಲ್ಲಿ ಬರೆಯಲು ತಂದೆಯವರಿಗೆ ಬರುವುದಿಲ್ಲ.

ಉತ್ತರ: ಕಾಸರಗೋಡಿನ ವಕೀಲ

ಗಡಿಯ ಚಿಂತೆ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು. ಮೊದಲು 1930, ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಆಮೇಲೆ ಹತ್ತಿರದ ಠಾಣೆ ಅಥವಾ ಕಾಸರಗೋಡಿನ ಸೈಬರ್ ಠಾಣೆ. ಭಾಷೆಯ ವಿಷಯದಲ್ಲಿ, 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ನಮಗೆ ಅವಕಾಶ ನೀಡಿದೆ. ಕನ್ನಡ ಬಲ್ಲ ಪೊಲೀಸರು ಆ ಹೊತ್ತಿಗೆ ಇಲ್ಲವೆಂಬ ಕಾರಣಕ್ಕೆ ಯಾರಾದರೂ ಹಿಂದೆ ಕಳುಹಿಸಿದರೆ, ಕನ್ನಡದ ಅರ್ಜಿಯನ್ನು ಕೊಟ್ಟು ಸ್ವೀಕೃತಿ ಕೇಳಿ.

ವಾಟ್ಸಾಪ್‌ನಲ್ಲಿ ಬರುವ ಸಮನ್ಸ್ ಬಗ್ಗೆಯೂ ತಂದೆಯವರಿಗೆ ತಿಳಿಸಿ: ಅದೇ ಸಂಹಿತೆಯ 35ನೇ ಕಲಮಿನಡಿ ವಿಚಾರಣೆಗೆ ಹಾಜರಾಗಬೇಕೆಂಬ ನೋಟಿಸನ್ನು ಪೊಲೀಸರು ವಾಟ್ಸಾಪ್ ಮೂಲಕ ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ದೂರು ಕೊಡುವ ಮೊದಲು ಸಿಟ್ಟಿನಿಂದಲೋ ನಾಚಿಕೆಯಿಂದಲೋ ಚಾಟ್ ಅಳಿಸಬೇಡಿ. ಬಂದ ಕರೆಯ ಸಂಖ್ಯೆ, ಸಮಯ, ಹಣ ಹೋದ ವಹಿವಾಟಿನ ಗುರುತಾದ ಯುಟಿಆರ್ ಸಂಖ್ಯೆ ಇವೆಲ್ಲ ಬೇಕಾಗುತ್ತವೆ. ವಂಚಕನ ಖಾತೆಯಲ್ಲಿ ತಡೆಹಿಡಿದ ಹಣವನ್ನು ಮರಳಿ ಪಡೆಯಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗಬಹುದು. ಆಗ 1930ರಲ್ಲಿ ಸಿಕ್ಕಿದ ದೂರಿನ ಸಂಖ್ಯೆ ಕೈಯಲ್ಲಿರಲಿ.