ಮಾಲೂರಿನಲ್ಲಿ ಜಾಥಾ ಮಾಡಿದರೆ ಕೇಳಿಸಬೇಕಾದ್ದು ಯಾರಿಗೆ?

ಮಾಲೂರು ಎನ್‌ಎಸ್‌ಎಸ್: ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ. ಕಾಲೇಜಿನಿಂದ ಬಸ್ ಸ್ಟ್ಯಾಂಡ್‌ವರೆಗೆ ಜಾಥಾ ಮಾಡೋಣ ಅಂತಿದ್ದೀವಿ. ಬ್ಯಾನರ್‌ಗೆ 'ಹೆಣ್ಣುಮಕ್ಕಳೇ ಎಚ್ಚರ' ಅಂತ ಬರೆಸಿ ಅಂತ ಕೆಲವರು. ನನಗೆ ಅದು ಒಪ್ಪಿಗೆ ಆಗ್ತಿಲ್ಲ. ಕೋಲಾರ ಜಿಲ್ಲೆ ಬಲ್ಲವರು ಹೇಳಿ, ಏನು ಬರೆಸೋದು?

ಟೇಕಲ್ ಮೇಷ್ಟ್ರು: ಒಪ್ಪದೇ ಇದ್ದದ್ದು ಒಳ್ಳೇದೇ ಆಯ್ತಮ್ಮ. ಮೋಸ ಹೋಗೋರಿಗೇ 'ಎಚ್ಚರ' ಅಂದರೆ ಮೋಸ ಮಾಡಿದವನು ಆರಾಮಾಗಿ ಹೋಗ್ತಾನೆ. ಮಾಲೂರು ಸುತ್ತ ಇಟ್ಟಿಗೆ ಗೂಡುಗಳಿವೆ. ಗಂಡ ಹೆಂಡತಿ ಮಣ್ಣು ಕಲಸಿದರೆ ಏಳು ವರ್ಷದ ಮಗು ಇಟ್ಟಿಗೆ ತಿರುಗಿಸಿ ಒಣಗಿಸ್ತಾ ಇರುತ್ತೆ. ಶಾಲೆ ಹಾಜರಿಯಲ್ಲಿ ಅದರ ಹೆಸರಿಲ್ಲ, ರೇಷನ್ ಕಾರ್ಡಲ್ಲೂ ಇಲ್ಲ. ಹಾಲು ಮಾರೋರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರೂ ದಿನಾ ನೋಡ್ತಾರೆ. ಜಾಗೃತಿ ಬೇಕಾಗಿರೋದು ಹೀಗೆ ನೋಡೋರಿಗೆ.

ಕೆಎ 07 ಇಟ್ಟಿಗೆ: ಮಾತೆತ್ತಿದರೆ ಗೂಡಿನೋರನ್ನೇ ತೋರಿಸ್ತೀರಲ್ಲ ಮೇಷ್ಟ್ರೇ. ನಾನು ಗೂಡು ನಡೆಸೋನು. ಒಡಿಶಾದಿಂದ ಸರ್ದಾರ, ಅಂದರೆ ಕೂಲಿಯವರನ್ನ ಒದಗಿಸೋ ಮೇಸ್ತ್ರಿ, ಜನ ಕರ್ಕೊಂಡು ಬರ್ತಾನೆ. ಒಂದು ಸಂಸಾರಕ್ಕೆ ಇಷ್ಟು ಅಂತ ಮುಂಗಡ ಮೊದಲೇ ಅವನ ಕೈಗೆ ಹಾಕಬೇಕು. ಅರ್ಧ ಸೀಸನ್ನಿಗೆ ರಾತ್ರೋರಾತ್ರಿ ಎದ್ದು ಹೋದರೆ ನನ್ನ ದುಡ್ಡು ಯಾರು ಕೊಡ್ತಾರೆ? ಮುಂಗಡ ಕೊಟ್ಟಿದ್ದೇ ತಪ್ಪು ಅಂದರೆ ಟೊಮೆಟೊ ತೋಟದೋರೂ ಒಳಗೆ ಹೋಗಬೇಕು.

ಕೋಲಾರದ ವಕೀಲೆ: ಮುಂಗಡ ಕೊಡೋದು ಅಪರಾಧ ಅಲ್ಲ ಅಣ್ಣ. ಆ ಮುಂಗಡದ ಹೆಸರಲ್ಲಿ 'ಲೆಕ್ಕ ತೀರೋವರೆಗೆ ಎಲ್ಲೂ ಹೋಗಂಗಿಲ್ಲ, ಬೇರೆ ಕಡೆ ಕೆಲಸ ಮಾಡಂಗಿಲ್ಲ' ಅಂದರೆ, ಇಲ್ಲವೇ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೆ, ಅದು ಜೀತ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ ಎರಡನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಕೊಟ್ಟವನ ಮೇಲೆ, ಕೂಲಿಯವನ ಮೇಲಲ್ಲ.

ಈ ಕೊನೇ ಮಾತು ಗೂಡಲ್ಲಿರೋ ಒಬ್ಬ ಹೆಂಗಸಿಗಾದರೂ ಅವಳ ಭಾಷೆಯಲ್ಲಿ ತಲುಪಿದರೆ ಸಾಕು, ಬ್ಯಾನರ್ ಮೇಲೆ ಬೇರೇನೂ ಬರೆಸಬೇಡಿ ಅಂತೀನಿ.

ಕೆಎ 07 ಇಟ್ಟಿಗೆ: ಯಾರೂ ಎಳ್ಕೊಂಡು ಬಂದಿಲ್ಲ ಮೇಡಂ. ಊರಲ್ಲಿ ಕೆಲಸ ಇಲ್ಲ ಅಂತ ಅವರೇ ಇಷ್ಟಪಟ್ಟು ರೈಲು ಹತ್ತಿದ್ದಾರೆ.

ಕೋಲಾರದ ವಕೀಲೆ: ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 143 ನೋಡಿ. ಶೋಷಣೆಗೆ ಅಂತ ಮೋಸದಿಂದಲೋ ಬೆದರಿಸಿಯೋ ಆಸೆ ತೋರಿಸಿಯೋ ಕರೆತಂದಿದ್ದರೆ, ಬಂದವರು ಒಪ್ಪಿದ್ದರು ಅನ್ನೋದು ಲೆಕ್ಕಕ್ಕೆ ಬರಲ್ಲ. ಕನಿಷ್ಠ 7 ವರ್ಷ ಶಿಕ್ಷೆ, ಮಕ್ಕಳಾದರೆ ಕನಿಷ್ಠ 10. ಒಂದು ನೇರ ಪ್ರಶ್ನೆ ಕೇಳ್ತೀನಿ, ಅವರ ಆಧಾರ್ ಕಾರ್ಡು ಯಾರ ಹತ್ರ ಇರುತ್ತೆ?

ಕೆಎ 07 ಇಟ್ಟಿಗೆ: ಸರ್ದಾರನ ಹತ್ರ. ಎಲ್ಲಾ ಕಡೆ ಹಂಗೇ.

ಬಾಗೇಪಲ್ಲಿ ಅಕ್ಕ: ಅಲ್ಲೇ ಇರೋದು ವಿಷಯ. ಕಾಗದ ಇನ್ನೊಬ್ಬರ ಕೈ ಸೇರಿತು ಅಂದರೆ ಮನುಷ್ಯನೂ ಅವರ ಕೈ ಸೇರಿದ ಹಾಗೇ. ನಮ್ಮ ಗಡಿ ಭಾಗದಲ್ಲಿ ಮನೆಗೆಲಸಕ್ಕೆ ಕುವೈತ್‌ಗೆ ಕಳಿಸ್ತೀವಿ ಅಂತ ಬರೋ ಏಜೆಂಟರದ್ದೂ ಇದೇ ದಾರಿ, ಇಳಿದ ಕೂಡಲೇ ಪಾಸ್‌ಪೋರ್ಟ್ ಕಿತ್ಕೊಳ್ಳೋದು. ಹತ್ತನೇ ಕ್ಲಾಸ್ ಪಾಸಾಗದ ಹೆಣ್ಣುಮಗಳಿಗೆ ಇಸಿಆರ್ ಪಾಸ್‌ಪೋರ್ಟ್ ಬರುತ್ತೆ, ಅಂದರೆ ಕುವೈತ್‌ನಂಥ ದೇಶಕ್ಕೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕು. 30 ತುಂಬದೇ ಇದ್ದರೆ ಅಲ್ಲಿ ಮನೆಗೆಲಸಕ್ಕೆ ಸರ್ಕಾರ ಅನುಮತಿ ಕೊಡಲ್ಲ. ಅದಕ್ಕೇ ವಿಸಿಟ್ ವೀಸಾದಲ್ಲಿ ಹತ್ತಿಸ್ತಾರೆ. 'ಕೆಲಸಕ್ಕೆ' ಅಂತ ಹೇಳಿ ವಿಸಿಟ್ ವೀಸಾ ಕೈಗಿಟ್ಟರೆ ಅಲ್ಲಿಗೇ ನಿಲ್ಲಿಸಿ. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಶ್ರೀನಿವಾಸಪುರ ಮಾವು: ಹುಡುಗರನ್ನ ಮರೀಬೇಡಿ ಅಕ್ಕ. ಡಿಗ್ರಿ ಮುಗಿಸಿದೋರಿಗೆ ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಅಂತ ಹೇಳಿ ಮ್ಯಾನ್ಮಾರ್ ಗಡಿ ದಾಟಿಸಿ, ಅವರ ಕೈಲಿ ಬಲವಂತವಾಗಿ ಆನ್‌ಲೈನ್ ವಂಚನೆ ಮಾಡಿಸ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆ ವಿಮಾನದಲ್ಲಿ ಎರಡು ಸಲ ಸೇರಿ 549 ಭಾರತೀಯರನ್ನ ಕರ್ಕೊಂಡು ಬರಬೇಕಾಯ್ತು. 'ಹೆಣ್ಣುಮಕ್ಕಳೇ ಎಚ್ಚರ' ಅಂದರೆ ಇವರ್‍ಯಾರೂ ಆ ಬ್ಯಾನರ್ ಓದಲ್ಲ.

ಶಿಡ್ಲಘಟ್ಟ ರೇಷ್ಮೆ: ಇಂಥದ್ದು ಕಂಡರೆ ಸಹಾಯವಾಣಿಗೆ ಫೋನ್ ಮಾಡಿ ಅಂತ ಸುಲಭವಾಗಿ ಹೇಳ್ತೀವಿ. ಆಮೇಲೆ? ಜೀತದಿಂದ ಬಿಡುಗಡೆ ಆದೋರು ಊರಿಗೆ ಹೋಗ್ತಾರೆ, ಅಲ್ಲಿ ಒಲೆ ಹತ್ತಲ್ಲ, ಮುಂದಿನ ಸೀಸನ್ನಿಗೆ ಅದೇ ಸರ್ದಾರನ ಹತ್ರ ಅದೇ ಮುಂಗಡ. ಇದು ನಿಲ್ಲದೆ ಜಾಗೃತಿಯಿಂದ ಏನು ಬಂತು?

ಕೋಲಾರದ ವಕೀಲೆ: ನಿಮ್ಮ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ನಾನು ಬಿಡುಗಡೆ ಪ್ರಮಾಣಪತ್ರ, ಅಂದರೆ ಇವರು ಜೀತದಿಂದ ಬಿಡುಗಡೆ ಆದರು ಅನ್ನೋ ಸರ್ಕಾರಿ ಪತ್ರ, ಬೇಕೇ ಬೇಕು ಅಂತ ಹಟ ಹಿಡೀತೀನಿ. ಬರೀ ಬಸ್ ಹತ್ತಿಸಿ ಕಳಿಸಿದರೆ ಅದು ಬಿಡುಗಡೆ ಅಲ್ಲ. ಉಪವಿಭಾಗಾಧಿಕಾರಿ ವಿಚಾರಣೆ ಮಾಡಿ ಪತ್ರ ಕೊಡಬೇಕು. ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಪೂರ್ತಿ ಪುನರ್ವಸತಿ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಆ ದೊಡ್ಡ ಮೊತ್ತ ಕೇಸಿನ ತೀರ್ಪಿಗೆ ತಗಲಿಕೊಂಡಿದೆ, ಅದು ವರ್ಷಗಟ್ಟಲೆ ಎಳೆಯುತ್ತೆ. ಈ ನಿಯಮ ಬದಲಾಗಬೇಕು ಅಂತ ಜನ ಕೇಳೋದೂ ಜಾಗೃತಿಯೇ ಅಲ್ವಾ?

ಟೇಕಲ್ ಮೇಷ್ಟ್ರು: ನಂಬರ್‌ಗಳನ್ನ ದೊಡ್ಡದಾಗಿ ಹಾಕಿಸಮ್ಮ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಜೀತದ ದೂರು ತಹಶೀಲ್ದಾರ್‌ಗೂ ಕೊಡಬಹುದು.

ಕೆಎ 07 ಇಟ್ಟಿಗೆ: ನೀವೆಲ್ಲಾ ಹೇಳಿದ್ದಕ್ಕೆ ನಾನು ತಲೆ ಆಡಿಸಲ್ಲ. ನನ್ನ ನಷ್ಟಕ್ಕೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಒಂದು ಮಾತು ಮಾತ್ರ ತಿಳ್ಕೊಳ್ಳಿ, ಜುಲೈ ಮಳೆಗೆ ಗೂಡಲ್ಲಿ ಕೆಲಸ ನಿಂತಿರುತ್ತೆ, ಜನ ಊರಿಗೆ ಹೋಗಿರ್ತಾರೆ. ನಿಮ್ಮ ಜಾಥಾ ನೋಡೋಕೆ ಅವರು ಇರಲ್ಲ.

ಕೋಲಾರದ ವಕೀಲೆ: ಉತ್ತರ ಇದೆ ಅಣ್ಣ. ಮುಂಗಡ ಸರ್ದಾರನಿಗೆ ಕೊಟ್ಟಿದ್ದೀರಿ, ಅವನನ್ನ ಕೇಳಿ. ಕೂಲಿ ವಾರಕ್ಕೊಮ್ಮೆ ನೇರ ಕೆಲಸದೋರ ಕೈಗೆ ಕೊಡಿ, ಲೆಕ್ಕದ ಪುಸ್ತಕ ಅವರ ಹತ್ರಾನೂ ಒಂದು ಇರಲಿ, ಆಧಾರ್ ಇವತ್ತೇ ವಾಪಸ್ ಕೊಡಿಸಿ. ಜುಲೈ ವಿಷಯ ಮಾತ್ರ ನೀವು ಹೇಳಿದ್ದು ಸರಿ. 1976ರ ಕಾಯ್ದೆ ಬಂದದ್ದು ಫೆಬ್ರವರಿ 9ಕ್ಕೆ, ಆ ದಿನ ಜೀತ ನಿರ್ಮೂಲನಾ ದಿನ. ಆಗ ಗೂಡು ತುಂಬಿರುತ್ತೆ.

ಮಾಲೂರು ಎನ್‌ಎಸ್‌ಎಸ್: ಹಾಗಾದರೆ ಜುಲೈನಲ್ಲಿ ಊರಿನೋರಿಗೆ, ಡ್ರೈವರ್‌ಗಳಿಗೆ, ಡಿಗ್ರಿ ಕಾಲೇಜುಗಳಿಗೆ. ಫೆಬ್ರವರಿಯಲ್ಲಿ ಗೂಡುಗಳಿಗೆ, ಒಡಿಯಾ ಮತ್ತು ಹಿಂದಿ ಕರಪತ್ರ ಹಿಡಿದು. ಒಡಿಯಾ ಬರೆಯಬಲ್ಲವರು ಬೆಂಗಳೂರಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ.

ಶಿಡ್ಲಘಟ್ಟ ರೇಷ್ಮೆ: ಓದೋಕೆ ಬಾರದೋರೇ ಜಾಸ್ತಿ ತಂಗಿ. ಕರಪತ್ರದ ಜೊತೆ ಒಡಿಯಾದಲ್ಲಿ ಮಾತಾಡಿ ರೆಕಾರ್ಡ್ ಮಾಡಿಸಿ, ಫೋನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ.